ಕೊಳೆನಾತದ ಅನಿಲವೂ ಅದನ್ನು ಮೆಲ್ಲಗೆ ಬಿಡುವ ರಾಸಾಯನಿಕವೂ

ಏಣೆಲು ಗದ್ದೆಯಲ್ಲಿ ನೀರು ನಿಂತು ತಿಂಗಳಾದ ಮೇಲೆ ಕಳೆ ಕೀಳಲು ಇಳಿದವರಿಗೆ ಒಂದು ಅನುಭವ ಉಂಟು. ಕೆಸರಿನಲ್ಲಿ ಕಾಲೂರಿದೊಡನೆ ಗುಳ್ಳೆಗಳು ಮೇಲೇಳುತ್ತವೆ. ಅವುಗಳೊಡನೆ ಕೊಳೆತ ಮೊಟ್ಟೆಯಂಥ ನಾತವೂ ಏಳುತ್ತದೆ. ಹಸಿರು ಸೊಪ್ಪನ್ನು ಹೆಚ್ಚಾಗಿ ತುಳಿದು, ನೀರು ಬಸಿಯದೆ ಬಿಟ್ಟ ಗದ್ದೆಯಾದರೆ ಈ ನಾತ ಇನ್ನಷ್ಟು. ಗೋಬರ್ ಗ್ಯಾಸಿನ ಕೊಳವೆ ಎಲ್ಲಿಯಾದರೂ ಸೋರಿದರೆ ಮೂಗು ಮೊದಲು ಹಿಡಿಯುವುದು ಇದೇ ವಾಸನೆಯನ್ನು. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಗೆಜ್ಜೆ ಕಾಲಾಂತರದಲ್ಲಿ ಕಪ್ಪಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಈ ನಾತದ ಒಡೆಯನ ಹೆಸರು ಹೈಡ್ರೋಜನ್ ಸಲ್ಫೈಡ್. ಜಲಜನಕದ ಎರಡು ಪರಮಾಣುಗಳೂ ಗಂಧಕದ ಒಂದು ಪರಮಾಣುವೂ ಕೂಡಿ ಆಗುವ ಅನಿಲ ಇದು. ಇದಕ್ಕೆ ಬಣ್ಣವಿಲ್ಲ. ಗಾಳಿಗಿಂತ ಸ್ವಲ್ಪ ಭಾರ. ಆದುದರಿಂದ ಗುಂಡಿ, ಬಾವಿ, ತೊಟ್ಟಿಗಳ ತಳದಲ್ಲಿ ಹೋಗಿ ಕೂರುತ್ತದೆ. ನೀರಿನಲ್ಲಿ ಕರಗುತ್ತದೆ, ಕರಗಿದಾಗ ನೀರು ತುಸು ಹುಳಿಯಾಗುತ್ತದೆ. ಬೆಂಕಿ ತಗಲಿದರೆ ಉರಿಯುತ್ತದೆ. ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ ೧೭೭೭ರಲ್ಲಿಯೇ ಇದರ ಗುಣಗಳನ್ನು ವಿಚಾರಿಸಿ ಬರೆದಿದ್ದನು.

ಇಷ್ಟು ದಿನ ನಾವು ಇದನ್ನು ವಿಷವೆಂದೇ ತಿಳಿದಿದ್ದೆವು. ವಿಷವೆಂಬುದು ಸುಳ್ಳೂ ಅಲ್ಲ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಸಂಶೋಧಕರು ಇದರ ಇನ್ನೊಂದು ಮುಖವನ್ನೂ ಕಂಡಿದ್ದಾರೆ. ಆ ಇನ್ನೊಂದು ಮುಖವನ್ನು ನೋಡುವುದಕ್ಕಾಗಿಯೇ ಈ ಅನಿಲವನ್ನು ತೊಟ್ಟು ತೊಟ್ಟಾಗಿ ಬಿಡುವ ಒಂದು ರಾಸಾಯನಿಕವನ್ನು ತಯಾರಿಸಿದ್ದಾರೆ. ಅದು ಯಾವುದು, ಅದರಿಂದ ಏನು ತಿಳಿದುಬಂತು, ನಮ್ಮ ಗದ್ದೆ ಹಟ್ಟಿಗಳಿಗೆ ಇದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ವಿಷದ ಮಾತು

ಮನುಷ್ಯನ ಮೂಗು ಈ ಅನಿಲವನ್ನು ಬಹು ಬೇಗ ಹಿಡಿಯುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಒಂದು ಪಾಲಿಗಿಂತ ಕಡಮೆ ಇದ್ದರೂ ನಾತ ತಿಳಿಯುತ್ತದೆ. ಹಾಗಾದರೆ ಅಪಾಯವೇನು, ಮೂಗೇ ಎಚ್ಚರಿಸುತ್ತದಲ್ಲ ಎಂದು ಕೇಳಬಹುದು. ಮೋಸ ಇರುವುದು ಅಲ್ಲಿಯೇ. ಹತ್ತು ಲಕ್ಷಕ್ಕೆ ನೂರು ಪಾಲಿನಷ್ಟು ಆದಾಗ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತದೆ, ನಾತ ಗೊತ್ತಾಗುವುದಿಲ್ಲ. "ವಾಸನೆ ಹೋಯಿತು, ಇನ್ನು ಇಳಿಯಬಹುದು" ಎಂದುಕೊಂಡವನು ನಿಜವಾಗಿ ಇನ್ನೂ ಹೆಚ್ಚಿನ ಅಪಾಯದೊಳಗೆ ಇಳಿದಿರುತ್ತಾನೆ. ಐನೂರು ಪಾಲನ್ನು ದಾಟಿದರೆ ಪ್ರಜ್ಞೆ ತಪ್ಪುವ ಭಯ. ಸಾವಿರದ ಹತ್ತಿರ ಬಂದರೆ ಒಂದೆರಡು ಉಸಿರಿನಲ್ಲಿಯೇ ಮನುಷ್ಯ ಕುಸಿದು ಬೀಳುತ್ತಾನೆ.

ಇದು ಕೊಲ್ಲುವ ಬಗೆ ಹೀಗೆ: ನಮ್ಮ ಮೈಯ ಬಹುಪಾಲು ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸಿಕೊಂಡು ಶಕ್ತಿ ತಯಾರಿಸುವ ಸಣ್ಣ ಒಲೆಗಳಿವೆ. ವಿಜ್ಞಾನಿಗಳು ಅವನ್ನು ಮೈಟೊಕಾಂಡ್ರಿಯ ಎನ್ನುತ್ತಾರೆ. ಆ ಒಲೆಯ ಕೊನೆಯ ಕೆಲಸವನ್ನು ಮಾಡುವ ಒಂದು ಕಿಣ್ವವನ್ನು ಈ ಅನಿಲ ಹಿಡಿದು ಕಟ್ಟಿಹಾಕುತ್ತದೆ. ಸೈನೈಡ್ ಮಾಡುವುದೂ ಇದನ್ನೇ. ಉಸಿರಿನಲ್ಲಿ ಆಮ್ಲಜನಕವಿದ್ದರೂ ಒಲೆ ಆರಿಹೋದ ಮೇಲೆ ಪ್ರಯೋಜನವೇನು?

ಈ ಮಾತನ್ನು ಮೊದಲಿಗೇ ಹೇಳಿದುದಕ್ಕೆ ಕಾರಣವುಂಟು. ಮುಂದೆ ಇದರ ಒಳ್ಳೆಯ ಗುಣಗಳ ಸುದ್ದಿ ಬರುತ್ತದೆ. ಅದನ್ನು ಓದಿ ಯಾರೂ ಗೋಬರ್ ಗ್ಯಾಸಿನ ಗುಂಡಿಯ ಬಗ್ಗೆ ಸಲಿಗೆ ಬೆಳೆಸಬಾರದು.

ಮೈಯೊಳಗೇ ಹುಟ್ಟುವ ಅನಿಲ

ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೊಂದುಂಟು. ಅದೂ ವಿಷವೆಂದೇ ಹೆಸರಾದುದು. ಆದರೆ ನಮ್ಮ ರಕ್ತನಾಳಗಳು ಅದನ್ನು ಅತ್ಯಲ್ಪವಾಗಿ ತಾವೇ ತಯಾರಿಸಿ, ನಾಳಗಳು ಸಡಿಲಗೊಳ್ಳಲು ಸಂದೇಶವಾಗಿ ಬಳಸುತ್ತವೆಂದು ತಿಳಿದುಬಂತು. ಇದನ್ನು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇದ್ದಿಲ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕೂಡ ಮೈಯೊಳಗೆ ಅಲ್ಪವಾಗಿ ಹುಟ್ಟುತ್ತದೆಂದು ಗೊತ್ತಾಗಿತ್ತು. ಹಾಗಿರುವಾಗ ಮೂರನೆಯದೊಂದು ಏಕೆ ಇರಬಾರದು?

ಜಪಾನಿನ ಅಬೆ ಮತ್ತು ಕಿಮುರ ಎಂಬ ಇಬ್ಬರು ೧೯೯೬ರಲ್ಲಿ, ಹೈಡ್ರೋಜನ್ ಸಲ್ಫೈಡ್ ಮಿದುಳಿನಲ್ಲಿ ಸಂದೇಶ ವಸ್ತುವಾಗಿ ಕೆಲಸ ಮಾಡಬಹುದೆಂದು ಪ್ರಕಟಿಸಿದರು. ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೊ ಆಮ್ಲ ನಾವು ತಿನ್ನುವ ಬೇಳೆ, ಮೊಟ್ಟೆ, ಹಾಲುಗಳಲ್ಲಿ ಇರುತ್ತದೆ. ಮೈಯ ಕಿಣ್ವಗಳು ಅದನ್ನು ಒಡೆದು ಈ ಅನಿಲವನ್ನು ಬಹು ಸೂಕ್ಷ್ಮ ಪ್ರಮಾಣದಲ್ಲಿ ಹುಟ್ಟಿಸುತ್ತವೆ. ಅಂಥ ಒಂದು ಕಿಣ್ವವಿಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ ಅವುಗಳಿಗೆ ರಕ್ತದ ಒತ್ತಡ ಏರಿತು. ಇದು ೨೦೦೮ರಲ್ಲಿ ಪ್ರಕಟವಾದ ಸಂಗತಿ.

ಬೆಳ್ಳುಳ್ಳಿಯ ವಿಷಯ ಇನ್ನೂ ಸ್ವಾರಸ್ಯ. ಬೆಳ್ಳುಳ್ಳಿಯ ಘಾಟಿಗೆ ಕಾರಣವಾದುದೂ ಗಂಧಕದ ಸಂಯುಕ್ತಗಳೇ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು ೨೦೦೭ರಲ್ಲಿ, ನಮ್ಮ ಕೆಂಪು ರಕ್ತಕಣಗಳು ಬೆಳ್ಳುಳ್ಳಿಯ ಈ ಸಂಯುಕ್ತಗಳಿಂದ ಹೈಡ್ರೋಜನ್ ಸಲ್ಫೈಡನ್ನು ಹೊರಡಿಸುತ್ತವೆಂದೂ, ಅದರಿಂದ ರಕ್ತನಾಳ ಸಡಿಲಗೊಳ್ಳುತ್ತದೆಂದೂ ತೋರಿಸಿದರು. ಒಗ್ಗರಣೆಯ ಬೆಳ್ಳುಳ್ಳಿಯೂ ಒಂದು ಬಗೆಯಲ್ಲಿ ಈ ಅನಿಲವನ್ನು ಮೆಲ್ಲಗೆ ಬಿಡುವ ವಸ್ತುವೆಂದರಾಯಿತು.

ಯೂರಿಯಾ ಮತ್ತು ಹಿಂಡಿಯ ಭೇದ

ಈಗ ಸಂಶೋಧಕನ ಕಷ್ಟವನ್ನು ನೋಡಿ. ಈ ಅನಿಲ ಅಲ್ಪವಾಗಿ ಇದ್ದಾಗ ಏನು ಮಾಡುತ್ತದೆಂದು ಪರೀಕ್ಷಿಸಬೇಕು. ಅನಿಲವನ್ನೇ ಸೀಸೆಯಿಂದ ಬಿಟ್ಟರೆ ಅಳತೆ ನಿಲ್ಲದು, ಜೀವಕ್ಕೂ ಅಪಾಯ. ಆದುದರಿಂದ ಅವರು ಮೊದಲಲ್ಲಿ ಸೋಡಿಯಂ ಹೈಡ್ರೋಸಲ್ಫೈಡ್ ಎಂಬ ಉಪ್ಪನ್ನು ಬಳಸಿದರು. ಇದು ಅಗ್ಗದ್ದು, ನೀರಿಗೆ ಹಾಕಿದೊಡನೆ ಕರಗುತ್ತದೆ. ಆದರೆ ಕರಗಿದೊಡನೆ ತನ್ನಲ್ಲಿದ್ದ ಸಲ್ಫೈಡನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಬಿಡುತ್ತದೆ. ಬಿಟ್ಟುದರಲ್ಲಿ ಬಹುಪಾಲು ಸ್ವಲ್ಪ ಹೊತ್ತಿನಲ್ಲೇ ಗಾಳಿಗೆ ಹಾರಿಹೋಗುತ್ತದೆ.

ಕೃಷಿಕನಿಗೆ ಇದು ಹೊಸ ವಿಷಯವಲ್ಲ. ಮಳೆಗಾಲದ ಗದ್ದೆಗೆ ಯೂರಿಯಾ ಎರಚಿದರೆ ಪೈರು ನಾಲ್ಕು ದಿನ ಕಪ್ಪಗೆ ಹಸುರಾಗಿ, ಉಳಿದದ್ದು ನೀರಿನೊಡನೆ ಹೋಗುತ್ತದೆ. ಹೊಂಗೆ ಅಥವಾ ಬೇವಿನ ಹಿಂಡಿ ಹಾಕಿದರೆ ಅದು ಮೆಲ್ಲಗೆ ಕೊಳೆತು ವಾರಗಟ್ಟಲೆ ಸಾರ ಕೊಡುತ್ತದೆ. ನಮ್ಮ ದೇಶದಲ್ಲಿ ೨೦೧೫ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕೊಡುವುದನ್ನು ಕಡ್ಡಾಯ ಮಾಡಿದುದರ ಒಂದು ಉದ್ದೇಶವೂ ಸಾರಜನಕ ನಿಧಾನವಾಗಿ ಪೈರಿಗೆ ಸಿಗಲಿ ಎಂಬುದೇ. ಜೀವಿಯ ಮೈಯೊಳಗೆ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದೂ ಹಿಂಡಿಯ ಹಾಗೆ, ಯೂರಿಯಾದ ಹಾಗಲ್ಲ. ಯೂರಿಯಾದಂಥ ಉಪ್ಪನ್ನು ಸುರಿದು ನೋಡಿ, "ಮೈಯೊಳಗೆ ಹೀಗೆಯೇ ಆಗುತ್ತದೆ" ಎಂದರೆ ಸರಿಹೋದೀತೆ?

ಹಿಂಡಿಯಂಥ ವಸ್ತುವೊಂದು ಬೇಕಾಯಿತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಮೂರ್ ಎಂಬವರ ತಂಡ ೨೦೦೮ರಲ್ಲಿ ಅಂಥದೊಂದರ ಗುಣಗಳನ್ನು ಪ್ರಕಟಿಸಿತು. ಅದರ ಹೆಸರು ಜಿ.ವೈ.ವೈ. ೪೧೩೭.

ಜಿ.ವೈ.ವೈ. ೪೧೩೭ರ ಗುಣಗಳು

ಹೆಸರು ಬಿತ್ತನೆ ತಳಿಯ ಸಂಖ್ಯೆಯಂತೆ ಕಾಣುತ್ತದೆ. ಆದರೆ ಇದು ಕೈಯಿಂದ ತಯಾರಿಸಿದ ರಾಸಾಯನಿಕ. ಲಾವೆಸನ್ ಎಂಬ ವಿಜ್ಞಾನಿಯ ಹೆಸರನ್ನು ಹೊತ್ತ, ರಂಜಕ ಗಂಧಕಗಳೆರಡೂ ಇರುವ ಒಂದು ಸಂಯುಕ್ತವುಂಟು. ಅದನ್ನು ಮಾರ್ಫೊಲಿನ್ ಎಂಬ ಸಾರಜನಕಯುಕ್ತ ದ್ರವದೊಡನೆ ಕೂಡಿಸಿದರೆ ಜಿ.ವೈ.ವೈ. ೪೧೩೭ ಸಿಗುತ್ತದೆ. ಇದರ ಅಣುವಿನ ನಡುವೆ ಒಂದು ರಂಜಕದ ಪರಮಾಣು, ಅದಕ್ಕೆ ಅಂಟಿಕೊಂಡು ಗಂಧಕದ ಎರಡು ಪರಮಾಣುಗಳು. ಅಣುಭಾರ ಸುಮಾರು ೩೭೬. ನೀರಿನಲ್ಲಿ ಕರಗುತ್ತದೆ, ಪ್ರಯೋಗಕ್ಕೆ ಇದೊಂದು ದೊಡ್ಡ ಅನುಕೂಲ.

ನೀರಿನಲ್ಲಿ ಕರಗಿದ ಮೇಲೆ ನೀರೇ ಈ ಅಣುವನ್ನು ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ. ಒಡೆದಂತೆಲ್ಲ ರಂಜಕವು ಗಂಧಕವನ್ನು ಬಿಟ್ಟುಕೊಡುತ್ತದೆ, ಅದು ಹೈಡ್ರೋಜನ್ ಸಲ್ಫೈಡಾಗಿ ಹೊರಬೀಳುತ್ತದೆ. ದ್ರಾವಣ ಹುಳಿಯಾಗಿದ್ದರೆ ಬಿಡುಗಡೆ ಹೆಚ್ಚು, ಸಪ್ಪೆಯಾಗಿದ್ದರೆ ಕಡಮೆ. ತಂಪಾಗಿಟ್ಟರೆ ಬಹಳ ಕಡಮೆ. ಹಿಂಡಿಯೂ ಹಾಗೆಯೇ ಅಲ್ಲವೆ? ಬೆಚ್ಚಗಿನ ಮಣ್ಣಿನಲ್ಲಿ ಬೇಗ ಕಳಿಯುತ್ತದೆ, ಚಳಿಯಲ್ಲಿ ತಡ.

ಎರಡು ವಸ್ತುಗಳ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡೋಣ. ಸಿಂಗಪುರದ ಸಂಶೋಧಕರೇ ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡನ್ನೂ ಸಮಪ್ರಮಾಣದಲ್ಲಿ, ಅಂದರೆ ೪೦೦ ಮೈಕ್ರೊಮೋಲಾರ್ ಅಳತೆಯಲ್ಲಿ, ಜೀವಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ಹಾಕಿದರು. ಸೋಡಿಯಂ ಹೈಡ್ರೋಸಲ್ಫೈಡ್ ಹಾಕಿದಲ್ಲಿ ಅನಿಲದ ಮಟ್ಟ ಹೆಚ್ಚೆಂದರೆ ೪೦೦ರ ತನಕ ಒಮ್ಮೆಲೇ ಏರಿ, ಒಂದು ಗಂಟೆ ಮಾತ್ರ ಉಳಿಯಿತು. ಜಿ.ವೈ.ವೈ. ೪೧೩೭ ಹಾಕಿದಲ್ಲಿ ಮಟ್ಟ ೨೦ಕ್ಕಿಂತ ಕೆಳಗೇ ಇದ್ದು, ೭ ದಿನ ನಿಂತಿತು. ಒಂದು ಗಂಟೆಯ ನೆರೆ ಎಲ್ಲಿ, ಏಳು ದಿನದ ಜಿನುಗು ಎಲ್ಲಿ!

ಈ ಜಿನುಗು ಏನು ಮಾಡಿತು? ೨೦೦೮ರ ಪ್ರಯೋಗದಲ್ಲಿ ಇಲಿಗಳ ರಕ್ತನಾಳ ಸಡಿಲಗೊಂಡು ರಕ್ತದ ಒತ್ತಡ ಇಳಿಯಿತು. ೨೦೧೧ರ ಪ್ರಯೋಗದಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹಲವು ಬಗೆಯ ಅರ್ಬುದ ಕೋಶಗಳು ಸತ್ತವು. ಅದೇ ಪ್ರಮಾಣದಲ್ಲಿ ಆರೋಗ್ಯವಾದ ಶ್ವಾಸಕೋಶದ ಕೋಶಗಳಿಗೆ ಕೇಡಾಗಲಿಲ್ಲ. ಒಮ್ಮೆಲೇ ಅನಿಲ ಬಿಟ್ಟ ಉಪ್ಪಿನ ಪರಿಣಾಮ ಇದಕ್ಕಿಂತ ಕಡಮೆಯಾಗಿತ್ತು. ಹೆಚ್ಚು ಕೊಟ್ಟದ್ದಕ್ಕಿಂತ ನಿಧಾನವಾಗಿ ಕೊಟ್ಟದ್ದೇ ಹೆಚ್ಚು ಕೆಲಸ ಮಾಡಿತೆಂಬುದನ್ನು ಗಮನಿಸಬೇಕು.

ಇಲ್ಲಿ ಅವರು ಇನ್ನೊಂದು ಜಾಣತನ ಮಾಡಿದ್ದರು. ನಾವು ಹೊಸ ಗೊಬ್ಬರ ಪರೀಕ್ಷಿಸುವಾಗ ಪಕ್ಕದ ಒಂದು ಪಾತಿಗೆ ಏನೂ ಹಾಕದೆ ಬಿಡುತ್ತೇವೆ. ಅವರೂ ಜಿ.ವೈ.ವೈ. ೪೧೩೭ರಂತೆಯೇ ರಚನೆಯುಳ್ಳ, ಆದರೆ ಗಂಧಕವಿಲ್ಲದ ಇನ್ನೊಂದು ವಸ್ತುವನ್ನು ಪಕ್ಕದ ತಟ್ಟೆಗೆ ಹಾಕಿ ನೋಡಿದರು. ಅದರಲ್ಲಿ ಆ ಪರಿಣಾಮ ಕಾಣಲಿಲ್ಲ. ಕೆಲಸ ಮಾಡಿದ್ದು ಅಣುವಿನ ಉಳಿದ ಭಾಗವಲ್ಲ, ಹೊರಬಿದ್ದ ಅನಿಲವೇ ಎಂದು ಹೇಳುವುದಕ್ಕೆ ಇದು ಆಧಾರ.

ಆದರೂ ಈ ವಸ್ತುವಿನಲ್ಲಿ ಕುಂದಿಲ್ಲವೆಂದಲ್ಲ. ಅನಿಲ ಹೊರಬಿದ್ದ ಮೇಲೆ ಉಳಿಯುವ ರಂಜಕದ ತುಣುಕುಗಳಿಗೂ ತಮ್ಮದೇ ಪರಿಣಾಮ ಇರಬಹುದು. ತಯಾರಿಸುವಾಗ ಬಳಸಿದ ಡೈಕ್ಲೊರೊಮೀಥೇನ್ ಎಂಬ ದ್ರಾವಕ ಹರಳಿನಲ್ಲಿ ಸೇರಿಕೊಂಡು ಉಳಿಯುವುದೂ ಉಂಟು. ಅದು ಮೈಯೊಳಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಒಂದು ಅನಿಲವನ್ನು ಪರೀಕ್ಷಿಸಲು ಹೋಗಿ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಇದಕ್ಕಾಗಿ ಆ ದ್ರಾವಕವಿಲ್ಲದ ಬೇರೆ ರೂಪವನ್ನೂ ತಯಾರಿಸಿದ್ದಾರೆ. ಜಿ.ವೈ.ವೈ. ೪೧೩೭ ಇಂದಿಗೂ ಪ್ರಯೋಗಶಾಲೆಯ ಸಾಮಾನೇ. ಅದು ಮನುಷ್ಯರಿಗೆ ಕೊಡುವ ಔಷಧವಲ್ಲ, ಹೊಲಕ್ಕೆ ಹಾಕುವ ಗೊಬ್ಬರವೂ ಅಲ್ಲ.

ಇಲಿಗೆ ಸರಿಯಾದದ್ದು ಕುರಿಗೆ ಸರಿಯಾಗಲಿಲ್ಲ

ಪ್ರಯೋಗದ ಫಲವನ್ನು ಅವಸರದಿಂದ ಎಲ್ಲ ಕಡೆಗೂ ಹಚ್ಚಬಾರದೆಂಬುದಕ್ಕೆ ಇದೇ ಅನಿಲದ ಒಂದು ಕಥೆ ಉಂಟು. ಅಮೆರಿಕದ ಸಿಯಾಟಲ್ ನಗರದಲ್ಲಿ ಮಾರ್ಕ್ ರಾತ್ ಎಂಬವರ ತಂಡ ೨೦೦೫ರಲ್ಲಿ, ಹತ್ತು ಲಕ್ಷಕ್ಕೆ ೮೦ ಪಾಲು ಹೈಡ್ರೋಜನ್ ಸಲ್ಫೈಡ್ ಇರುವ ಗಾಳಿಯಲ್ಲಿ ಚಿಕ್ಕ ಇಲಿಗಳನ್ನು ಇಟ್ಟಿತು. ಆರು ಗಂಟೆಯೊಳಗೆ ಅವುಗಳ ಉಸಿರಾಟ, ಮೈಬಿಸಿ ಎಲ್ಲವೂ ಇಳಿದು, ಕಪ್ಪೆ ಬೇಸಗೆಯಲ್ಲಿ ನೆಲದೊಳಗೆ ಮಲಗುವಂತೆ ಮಲಗಿದವು. ಒಳ್ಳೆಯ ಗಾಳಿಗೆ ತಂದಾಗ ಎದ್ದು ಓಡಾಡಿದವು. ಅಪಘಾತವಾದವರನ್ನು ಹೀಗೆ ಮಲಗಿಸಿ ಉಳಿಸಿಕೊಳ್ಳಬಹುದೆಂದು ಪತ್ರಿಕೆಗಳು ಬರೆದವು. ಆದರೆ ಮುಂದೆ ಕುರಿಗಳಲ್ಲಿಯೂ ಹಂದಿಮರಿಗಳಲ್ಲಿಯೂ ನೋಡಿದಾಗ ಅಂಥ ಫಲ ಬರಲಿಲ್ಲ. ಇಲಿಯ ಮೈ ಸಣ್ಣದು, ಬೇಗ ಬಿಸಿ ಕಳೆದುಕೊಳ್ಳುತ್ತದೆ; ದೊಡ್ಡ ಪ್ರಾಣಿಯ ರೀತಿಯೇ ಬೇರೆ.

ಗಿಡಗಳಲ್ಲಿ ಇದರ ಕೆಲಸ

ಇನ್ನು ನಮಗೆ ಹತ್ತಿರವಾದ ವಿಷಯಕ್ಕೆ ಬರೋಣ. ಗಿಡಗಳೂ ಈ ಅನಿಲವನ್ನು ಹುಟ್ಟಿಸುತ್ತವೆ. ಬಿಸಿಲಿನಲ್ಲಿ ಎಲೆಗಳಿಂದ ಹೈಡ್ರೋಜನ್ ಸಲ್ಫೈಡ್ ಹೊರಬೀಳುವುದನ್ನು ೧೯೭೮ರಲ್ಲಿಯೇ ಅಮೆರಿಕದ ಸಂಶೋಧಕರು ಕುಂಬಳ ಜಾತಿಯ ಗಿಡಗಳಲ್ಲಿ ತೋರಿಸಿದ್ದರು. ಆಗ ಅದನ್ನು ಹೆಚ್ಚಾದ ಗಂಧಕವನ್ನು ಹೊರಹಾಕುವ ಉಪಾಯವೆಂದು ಬಗೆಯಲಾಗಿತ್ತು. ಈಗ ಅದಕ್ಕೆ ಸಂದೇಶದ ಕೆಲಸವೂ ಇದೆಯೆಂದು ತಿಳಿಯುತ್ತಾರೆ.

ಚೀನದ ಹೆಫೈ ನಗರದ ಸಂಶೋಧಕರು ೨೦೦೮ರಲ್ಲಿ ಗೋಧಿಯ ಬೀಜಗಳನ್ನು ತಾಮ್ರ ಹೆಚ್ಚಿದ್ದ ದ್ರಾವಣದಲ್ಲಿ ಮೊಳಕೆ ಬರಿಸಿದರು. ತಾಮ್ರದ ವಿಷದಿಂದ ಮೊಳಕೆ ಕುಂದುತ್ತದೆ. ಮೊದಲೇ ಸೋಡಿಯಂ ಹೈಡ್ರೋಸಲ್ಫೈಡಿನ ತೆಳುವಾದ ದ್ರಾವಣ ಕೊಟ್ಟ ಬೀಜಗಳಲ್ಲಿ ಆ ಕುಂದು ಕಡಮೆಯಾಯಿತು. ಅಡಿಕೆಯ ಕೊಳೆರೋಗಕ್ಕೆ ವರ್ಷವರ್ಷವೂ ಮೈಲುತುತ್ತಿನ ಬೋರ್ಡೊ ದ್ರಾವಣ ಸಿಂಪಡಿಸಿ ಮಣ್ಣಿಗೆ ತಾಮ್ರ ಬೀಳಿಸುವ ನಮಗೆ ಈ ಸುದ್ದಿ ಕುತೂಹಲದ್ದೇ. ಆದರೆ ಇದು ತಟ್ಟೆಯಲ್ಲಿಟ್ಟ ಗೋಧಿಯ ಪ್ರಯೋಗ, ತೋಟದ್ದಲ್ಲವೆಂಬುದನ್ನು ಮರೆಯಬಾರದು. ಅದೇ ನಗರದಿಂದ ೨೦೧೨ರಲ್ಲಿ ಇನ್ನೊಂದು ವರದಿ ಬಂತು: ಕೊಯ್ದ ಸ್ಟ್ರಾಬೆರಿ ಹಣ್ಣುಗಳಿಗೆ ಈ ಅನಿಲವನ್ನು ಅಲ್ಪವಾಗಿ ಸೋಂಕಿಸಿದಾಗ ಅವು ಹೆಚ್ಚು ದಿನ ಕೆಡದೆ ಉಳಿದವು.

ಬರಗಾಲದಲ್ಲಿ ಗಿಡ ನೀರುಳಿಸುವುದು ಹೇಗೆ ಎಂಬ ಪ್ರಶ್ನೆಗೂ ಇದಕ್ಕೂ ನಂಟುಂಟು. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಇವನ್ನು ಪತ್ರರಂಧ್ರಗಳೆನ್ನುತ್ತಾರೆ. ಗಿಡ ಉಸಿರಾಡುವುದೂ ನೀರು ಕಳೆದುಕೊಳ್ಳುವುದೂ ಇವುಗಳ ಮೂಲಕವೇ. ಅರ್ಜೆಂಟೈನದ ಗಾರ್ಸಿಯ ಮಾತ ಮತ್ತು ಲಮಟಿನ ಎಂಬವರು ೨೦೧೦ರಲ್ಲಿ ಪ್ರಕಟಿಸಿದಂತೆ, ಹೈಡ್ರೋಜನ್ ಸಲ್ಫೈಡ್ ಸಿಕ್ಕಿದಾಗ ಈ ರಂಧ್ರಗಳು ಮುಚ್ಚಿಕೊಂಡವು, ಎಲೆಯಲ್ಲಿ ನೀರು ಹೆಚ್ಚು ಉಳಿಯಿತು, ಗಿಡ ಒಣಗನ್ನು ತಾಳಿಕೊಂಡಿತು.

ಇದನ್ನು ಓದಿದವರು "ಆಹಾ, ಬರಕ್ಕೆ ಮದ್ದು ಸಿಕ್ಕಿತು" ಎನ್ನಬಹುದು. ನಿಲ್ಲಿ. ಅದೇ ೨೦೧೦ರಲ್ಲಿ ಕ್ರೊಯೇಷಿಯ ಮತ್ತು ಇಂಗ್ಲೆಂಡಿನ ಸಂಶೋಧಕರು, ಲಿಸ್ಯಾಕ್ ಮೊದಲಾದವರು, ಜಿ.ವೈ.ವೈ. ೪೧೩೭ನ್ನು ಬಳಸಿ ನೋಡಿದಾಗ ಪತ್ರರಂಧ್ರಗಳು ಮುಚ್ಚುವ ಬದಲು ತೆರೆದವು! ಕತ್ತಲೆಯಲ್ಲಿ ಮುಚ್ಚಬೇಕಾದವೂ ಮುಚ್ಚಲಿಲ್ಲ. ಒಂದೇ ವರ್ಷ, ಒಂದೇ ಅನಿಲ, ಎರಡು ವಿರುದ್ಧ ಫಲ.

ಹಾಗಾದರೆ ಯಾರು ಸುಳ್ಳು ಹೇಳಿದರು? ಯಾರೂ ಅಲ್ಲ. ಅನಿಲದ ಮಟ್ಟ ಎಷ್ಟು, ಎಷ್ಟು ಹೊತ್ತು ಇತ್ತು, ಗಿಡ ಬೆಳಕಿನಲ್ಲಿತ್ತೋ ಕತ್ತಲಲ್ಲಿತ್ತೋ, ಯಾವ ಜಾತಿಯ ಗಿಡ, ಎಷ್ಟು ಎಳೆಯದು ಎಂಬುದೆಲ್ಲದರ ಮೇಲೆ ಫಲ ನಿಲ್ಲಬಹುದು. ಒಂದೇ ಗೊಬ್ಬರ ಒಬ್ಬನ ಗದ್ದೆಯಲ್ಲಿ ತೆನೆ ತುಂಬಿಸಿ, ಪಕ್ಕದವನ ಗದ್ದೆಯಲ್ಲಿ ಪೈರು ಮಲಗಿಸುವುದನ್ನು ನಾವು ಕಂಡಿಲ್ಲವೆ? ಆದುದರಿಂದಲೇ ಇಂಥ ಸಂಗತಿ ಪ್ರಯೋಗಶಾಲೆಯಿಂದ ಹೊಲಕ್ಕೆ ಬರುವುದು ತಡವಾಗುತ್ತದೆ. ತಡವಾಗುವುದು ಒಳ್ಳೆಯದೂ ಹೌದು. ಸಲ್ಫೈಡಿನ ಹೆಸರು ಹೇಳಿ ಯಾರಾದರೂ ಬೆಳವಣಿಗೆಯ ಟಾನಿಕ್ಕು ತಂದರೆ, ಎಷ್ಟು ಬಿಡುತ್ತದೆ, ಎಷ್ಟು ದಿನ ಬಿಡುತ್ತದೆ, ಯಾವ ಬೆಳೆಯಲ್ಲಿ ಯಾವ ಸಂಶೋಧನ ಕೇಂದ್ರ ಪರೀಕ್ಷಿಸಿದೆ ಎಂದು ಕೇಳಿ. ಉತ್ತರ ಬರದಿದ್ದರೆ ಹಣ ಜೇಬಿನಲ್ಲೇ ಇರಲಿ. ಸೋಡಿಯಂ ಹೈಡ್ರೋಸಲ್ಫೈಡನ್ನು ಮನೆಯಲ್ಲಿ ಕಲಸಿ ಸಿಂಪಡಿಸುವ ಸಾಹಸವಂತೂ ಬೇಡವೇ ಬೇಡ. ಹುಳಿಯಾದ ಏನಾದರೂ ಅದಕ್ಕೆ ತಗಲಿದರೆ ವಿಷದ ಅನಿಲ ಒಮ್ಮೆಲೇ ಏಳುತ್ತದೆ.

ಗದ್ದೆಯಲ್ಲಿ ಈ ಅನಿಲ

ಪ್ರಯೋಗಶಾಲೆಯ ಜಿನುಗು ಒಳ್ಳೆಯದಾದರೂ ಗದ್ದೆಯ ಕೆಸರಿನಲ್ಲಿ ಹುಟ್ಟುವುದು ಎಷ್ಟೋ ಸಲ ಅಳತೆ ಮೀರುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಬಗೆಯ ಸೂಕ್ಷ್ಮ ಜೀವಿಗಳು ಸಲ್ಫೇಟನ್ನೇ ಉಸಿರಾಟಕ್ಕೆ ಬಳಸಿ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಅವುಗಳಿಗೆ ಮೇವು ಕೊಳೆಯುವ ಸೊಪ್ಪು.

ಮಣ್ಣಿನಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಅದು ಈ ಸಲ್ಫೈಡನ್ನು ಹಿಡಿದು ಕಪ್ಪು ಗಸಿಯಾಗಿ ಕೂರಿಸುತ್ತದೆ. ಬೇರಿಗೆ ತಗಲುವುದು ಕಡಮೆ. ಮುರಕಲ್ಲಿನ ಕೆಂಪು ಮಣ್ಣಿಗೆ ಈ ಒಂದು ರಕ್ಷೆ ಉಂಟು. ಕಬ್ಬಿಣ ಕಡಮೆಯಿರುವ ಮರಳು ಮಣ್ಣಿನಲ್ಲಿ ಆ ರಕ್ಷೆಯಿಲ್ಲ. ಜಪಾನಿನಲ್ಲಿ ಇಂಥ ಗದ್ದೆಗಳ ಭತ್ತ ಮೊದಲು ಚೆನ್ನಾಗಿ ಬೆಳೆದು ಕೊನೆಗೆ ಸೊರಗಿ ಹೋಗುತ್ತಿತ್ತು. ಅದಕ್ಕೆ ಅಲ್ಲಿಯವರು 'ಅಕಿಯೊಚಿ' ಎಂದರು. ಶರತ್ಕಾಲದ ಸೊರಗು ಎಂದು ಅರ್ಥ.

ಪರೀಕ್ಷೆ ಸುಲಭ. ಒಂದು ಬುಡವನ್ನು ಕಿತ್ತು ಬೇರು ತೊಳೆದು ನೋಡಿ. ಆರೋಗ್ಯವಾದ ಭತ್ತದ ಬೇರು ಬಿಳಿಯಾಗಿ ಅಥವಾ ತುಕ್ಕಿನ ಕಂದು ಬಣ್ಣದಲ್ಲಿರುತ್ತದೆ. ಬೇರು ಕಪ್ಪಾಗಿದ್ದು ಕೊಳೆತ ಮೊಟ್ಟೆಯ ನಾತ ಹೊಡೆದರೆ ಸಲ್ಫೈಡಿನ ಬಾಧೆಯೆಂದು ತಿಳಿಯಬಹುದು. ಆಗ ಮಾಡತಕ್ಕದ್ದು ಇಷ್ಟು: ನೀರನ್ನು ಬಸಿದು ಮಣ್ಣು ಕೂದಲೆಳೆಯಷ್ಟು ಬಿರುಕು ಬಿಡುವ ತನಕ ಗಾಳಿಯಾಡಲು ಬಿಡಿ, ಬಳಿಕ ಮತ್ತೆ ನೀರು ಕಟ್ಟಿ. ಹಸಿ ಸೊಪ್ಪನ್ನು ನೇಜಿಗೆ ತೀರ ಹತ್ತಿರವಾಗಿ, ತೀರ ಹೆಚ್ಚಾಗಿ ತುಳಿಯಬೇಡಿ. ಕೊಳೆಯಲು ದಿನ ಕೊಡಿ. ಇಂಥ ಗದ್ದೆಗೆ ಅಮೋನಿಯಂ ಸಲ್ಫೇಟಿನ ಬದಲು ಸಲ್ಫೇಟಿಲ್ಲದ ಗೊಬ್ಬರ ಮೇಲು.

ಗೋಬರ್ ಗ್ಯಾಸಿನ ಗುಂಡಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಗೋಬರ್ ಗ್ಯಾಸಿನಲ್ಲಿ ಹೆಚ್ಚಿನ ಪಾಲು ಉರಿಯುವ ಮೀಥೇನ್, ಉಳಿದದ್ದು ಬಹುಮಟ್ಟಿಗೆ ಇಂಗಾಲಾಮ್ಲ. ಹೈಡ್ರೋಜನ್ ಸಲ್ಫೈಡ್ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. "ಅಷ್ಟೇ ತಾನೆ" ಎನ್ನಬೇಡಿ. ಸಾವಿರಕ್ಕೆ ಒಂದು ಪಾಲು ಎಂದರೆ ಹತ್ತು ಲಕ್ಷಕ್ಕೆ ಸಾವಿರ ಪಾಲು. ಒಂದೆರಡು ಉಸಿರಿನಲ್ಲಿ ಬೀಳಿಸುವ ಮಟ್ಟ ಅದೇ ಎಂದು ಮೇಲೆ ಹೇಳಿದೆ.

ಸುಮ್ಮನಿದ್ದ ಸಗಣಿಯ ಬಗ್ಗಡದಲ್ಲಿ ಅನಿಲ ಅಡಗಿರುತ್ತದೆ. ಕೋಲು ಹಾಕಿ ಕಲಕಿದೊಡನೆ ಒಮ್ಮೆಲೇ ಮೇಲೇಳುತ್ತದೆ. ಇಳಿದವನು ಬಿದ್ದ, ಅವನನ್ನು ಎತ್ತಲು ಅಣ್ಣ ಹಾರಿದ, ಅಣ್ಣನನ್ನು ಎತ್ತಲು ಆಳು ಹಾರಿದ. ಒಂದೇ ಮನೆಯಿಂದ ಎರಡು ಮೂರು ಹೆಣ ಹೊರಡುವುದು ಹೀಗೆ. ಬಿದ್ದವನ ಮೇಲಿನ ಪ್ರೀತಿಯೇ ಇಲ್ಲಿ ಮೃತ್ಯುವಾಗುತ್ತದೆ.

ಆದುದರಿಂದ ಮನೆಯವರಿಗೂ ಆಳುಗಳಿಗೂ ಈ ಮಾತುಗಳನ್ನು ತಿಳಿಸಿಡಿ:

೧. ಗೋಬರ್ ಗ್ಯಾಸಿನ ತೊಟ್ಟಿಗೆ, ಸಗಣಿಯ ಬಗ್ಗಡದ ಮುಚ್ಚಿದ ಗುಂಡಿಗೆ, ಪಾಯಿಖಾನೆಯ ಗುಂಡಿಗೆ ಯಾವ ಕಾರಣಕ್ಕೂ ಹಾಗೆಯೇ ಇಳಿಯಬಾರದು. ಶುಚಿ ಮಾಡಬೇಕಾದರೆ ಮೇಲಿನಿಂದಲೇ ಪಂಪಿನಿಂದ ತೆಗೆಯಿಸಿ. ಪಾಯಿಖಾನೆಯ ಗುಂಡಿಗೆ ರಕ್ಷಣೆಯಿಲ್ಲದೆ ಆಳನ್ನು ಇಳಿಸುವುದು ೨೦೧೩ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

೨. ನಾತವಿಲ್ಲವೆಂದು ನಂಬಬೇಡಿ. ಮೂಗು ಸತ್ತಿರಬಹುದು.

೩. ಬಾವಿಗೆ ದೀಪ ಇಳಿಸಿ ಗಾಳಿ ನೋಡುವ ಹಳೆಯ ಪದ್ಧತಿ ಇಲ್ಲಿ ಸಲ್ಲದು. ದೀಪ ಉರಿಯಿತೆಂದರೆ ಆಮ್ಲಜನಕವಿದೆ ಎಂದಷ್ಟೇ ಅರ್ಥ, ವಿಷವಿಲ್ಲವೆಂದು ಅರ್ಥವಲ್ಲ. ಗೋಬರ್ ಗ್ಯಾಸಿನ ಗುಂಡಿಗಂತೂ ಬೆಂಕಿ ತೋರಿಸಿದರೆ ಮೀಥೇನಿಗೆ ಹೊತ್ತಿ ಸ್ಫೋಟವೇ ಆದೀತು. ಬೀಡಿಯೂ ಬೇಡ.

೪. ಬಗ್ಗಡ ಕಲಕುವಾಗ ಗಾಳಿ ಬರುವ ಬದಿಯಲ್ಲಿ ನಿಲ್ಲಿ. ಮಕ್ಕಳನ್ನೂ ದನಗಳನ್ನೂ ದೂರವಿರಿಸಿ. ಮುಚ್ಚಿದ ಹಟ್ಟಿಯ ಬಾಗಿಲು ಕಿಟಕಿಗಳನ್ನು ತೆರೆದಿಡಿ.

೫. ಯಾರಾದರೂ ಬಿದ್ದರೆ ಹಾರಬೇಡಿ. ಕೂಗಿ ಜನ ಸೇರಿಸಿ, ೧೦೧ ಅಥವಾ ೧೧೨ಕ್ಕೆ ಫೋನು ಮಾಡಿ, ಮೇಲಿನಿಂದಲೇ ಗಾಳಿ ಊದುವ ಏರ್ಪಾಡು ಮಾಡಿ. ಉಸಿರಿನ ಉಪಕರಣ ಧರಿಸಿದವರೇ ಇಳಿಯಲಿ.

೬. ಒಲೆಗೆ ಬರುವ ಅನಿಲದಲ್ಲಿ ನಾತ ಹೆಚ್ಚಿದ್ದರೆ, ಕೊಳವೆಯ ನಡುವೆ ಕಬ್ಬಿಣದ ತುಕ್ಕು ತುಂಬಿದ ಡಬ್ಬವೊಂದನ್ನು ಜೋಡಿಸುವ ಕ್ರಮವುಂಟು. ಗದ್ದೆಯ ಮಣ್ಣಿನಂತೆಯೇ ಇಲ್ಲಿಯೂ ಕಬ್ಬಿಣ ಸಲ್ಫೈಡನ್ನು ಹಿಡಿದುಕೊಳ್ಳುತ್ತದೆ. ಇದನ್ನು ಗ್ಯಾಸು ಸ್ಥಾವರ ಕಟ್ಟಿದ ತಿಳಿದವರಿಂದಲೇ ಮಾಡಿಸಿ.

ಕೊನೆಯ ಮಾತು

ಗಿಡದ ಎಲೆಯಲ್ಲಿ, ಮನುಷ್ಯನ ಮಿದುಳಿನಲ್ಲಿ, ಬೆಳ್ಳುಳ್ಳಿಯ ಎಸಳಿನಲ್ಲಿ, ಗದ್ದೆಯ ಕೆಸರಿನಲ್ಲಿ, ಸಗಣಿಯ ಗುಂಡಿಯಲ್ಲಿ ಇರುವುದು ಒಂದೇ ಅನಿಲ. ಒಂದೆಡೆ ಅದು ಬಾಳಿಗೆ ಬೇಕಾದ ಸಂದೇಶ, ಇನ್ನೊಂದೆಡೆ ಪ್ರಾಣ ತೆಗೆಯುವ ವಿಷ. ಭೇದವಿರುವುದು ಅಳತೆಯಲ್ಲಿ ಮತ್ತು ಅದು ಬರುವ ವೇಗದಲ್ಲಿ. ಜಿ.ವೈ.ವೈ. ೪೧೩೭ ಎಂಬ ವಸ್ತು ಕಲಿಸಿದ ಪಾಠವೂ ಅದೇ: ಏಳು ದಿನದ ಜಿನುಗು ಮಾಡಿದ್ದನ್ನು ಒಂದು ಗಂಟೆಯ ನೆರೆ ಮಾಡಲಾರದು. ಹಿಂಡಿಯ ಬುಟ್ಟಿ ಹೊತ್ತು ತೋಟಕ್ಕೆ ನಡೆದ ನಮ್ಮ ಹಿರಿಯರಿಗೆ ಈ ಮಾತು ಹೊಸದಾಗಿ ಕೇಳುತ್ತಿರಲಿಲ್ಲ.

ಪ್ರಯೋಗಶಾಲೆಯ ಸಂಗತಿ ಪಕ್ವವಾಗಿ ಹೊಲಕ್ಕೆ ಬರುವಾಗ ಬರಲಿ, ಕಾಯೋಣ. ಅಷ್ಟರಲ್ಲಿ ಈ ವಾರವೇ ಮಾಡಬಹುದಾದ ಕೆಲಸ ಎರಡುಂಟು. ಗದ್ದೆಯಲ್ಲಿ ಒಂದು ಬುಡ ಕಿತ್ತು ಬೇರಿನ ಬಣ್ಣ ನೋಡಿ. ಹಟ್ಟಿಯ ಹಿಂದಿನ ಗುಂಡಿಯ ಮುಚ್ಚಳ ಭದ್ರವಾಗಿದೆಯೇ ನೋಡಿ.